ಮಳೆ ಬೀಳುವ ಬದಿಯ ಗೋಡೆ

ಘಾನಾದ ಬುಗನಿಯ ಎಂಬ ಹಳ್ಳಿಯ ಚರ್ಚಿನಲ್ಲಿ ಬೆಳಗಿನ ಬಲಿಪೂಜೆಗೆ ಎರಡು ಸದ್ದು. ಒಳಗೆ ಫಾದರ್ ದೇರಿಯವರ ದನಿ. ಹೊರಗೆ, ಪೀಠದ ಬೆನ್ನಿಗೆ ಸರಿಯಾಗಿ, ಹಸಿ ಮಣ್ಣು ಗೋಡೆಗೆ ಬೀಳುವ ಥಪ್ ಥಪ್. ಫಾದರ್ ರೊಟ್ಟಿಯನ್ನು ಮೇಲೆತ್ತಿ, ಊರೆಲ್ಲ ತಲೆ ತಗ್ಗಿಸಿ, ಮಕ್ಕಳು ಕೂಡ ಕೆಮ್ಮು ನುಂಗಿಕೊಳ್ಳುವ ಗಳಿಗೆಯಲ್ಲೂ ಹೊರಗಿನ ಸದ್ದು ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಅದು ಇನ್ನಷ್ಟು ಜೋರಾಗುತ್ತದೆ ಎಂಬುದು ಮೊದಲ ಬೆಂಚಿನಲ್ಲಿ ಕೂರುವ ಪೆರ್ಪೆತುವಾ ಅವರ ಹಳೆಯ ದೂರು.

ಸದ್ದು ಮಾಡುತ್ತಿರುವವರು ಫೆಲಿಸಿತಾ ಕಚಾನ. ಎಪ್ಪತ್ತು ದಾಟಿದ ಜೀವ. ಮರುಭೂಮಿ ಕಡೆಯಿಂದ ಬೀಸುವ ಒಣಗಾಳಿಯ ಧೂಳಿಗೆ ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು, ಮಗುಚಿ ಹಾಕಿದ ಮರದ ಒರಳಿನ ಮೇಲೆ ನಿಂತಿದ್ದಾರೆ. ಕೆಳಗಿನಿಂದ ನೆರೆಮನೆಯ ಹೆಂಗಸೊಬ್ಬಳು ಮಣ್ಣಿನ ಮುದ್ದೆ ಕಟ್ಟಿ ಎತ್ತಿ ಕೊಡುತ್ತಾಳೆ. ಇವರು ಅದನ್ನು ಗೋಡೆಗೆ ಬಡಿದು, ಅಂಗೈಯ ಬುಡದಿಂದ ಒಂದೇ ಎಳೆತಕ್ಕೆ ಹರಡುತ್ತಾರೆ.

"ದೇವರು ಕಾಯ್ತಾನೆ. ಮಣ್ಣು ಕಾಯಲ್ಲ, ಈ ಗಾಳಿಗೆ ಆರಿಹೋಗುತ್ತೆ," ಎನ್ನುತ್ತಾರೆ. ಮತ್ತೊಂದು ಮುದ್ದೆ ಬಡಿದು, "ಜೋರಾಗಿ ಬಡೀತೀನಿ ಅನ್ನೋದೂ ಸುಳ್ಳಲ್ಲ," ಎಂದು ಸೇರಿಸುತ್ತಾರೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು, ಅವರ ನಿಸ್ವಾರ್ಥವನ್ನು ನಾಲ್ಕು ಸಾಲು ಹೊಗಳಿ ಮುಂದೆ ಹೋಗುವುದು ವಾರದ ಪುರವಣಿಗಳ ರೂಢಿ. ಕಚಾನ ಅವರ ವಿಷಯದಲ್ಲಿ ಅದಕ್ಕೆ ತೊಡಕುಗಳಿವೆ. ನಿಸ್ವಾರ್ಥ ಅವರಲ್ಲಿಲ್ಲ, ಇದೆ ಎಂದು ಅವರು ಹೇಳಿಕೊಳ್ಳುವುದೂ ಇಲ್ಲ. ಮೇಲಾಗಿ ಇಲ್ಲಿ ಎಲೆಗೂ ಒಂದು ಹೆಸರಿದೆ: ಪೆರ್ಪೆತುವಾ. ಕಚಾನ ಅವರ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಪೀಠದ ಹಿಂದಿನ ಒಂದೇ ಗೋಡೆಗೆ ಎರಡು ಮುಖ. ಒಳಮುಖ ಪೆರ್ಪೆತುವಾ ಅವರದು. ನಲವತ್ತು ವರ್ಷಗಳ ಹಿಂದೆ ಒಮ್ಮೆ ಬರೆದದ್ದು, ಇವತ್ತಿಗೂ ಹಾಗೇ ಇದೆ. ಹೊರಮುಖ ಕಚಾನ ಅವರದು. ಪ್ರತಿ ವರ್ಷ ಬರೆಯುತ್ತಾರೆ, ಪ್ರತಿ ವರ್ಷ ಮಳೆ ತೊಳೆದುಕೊಂಡು ಹೋಗುತ್ತದೆ. ಪ್ರವಾಸಿಗಳು ಒಳಗೋಡೆಯ ಫೋಟೊ ತೆಗೆಯುತ್ತಾರೆ. ಹೊರಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸುತ್ತಾರೆ.

ಈ ಚರ್ಚಿನ ಅಡಿಪಾಯಕ್ಕೇ ಒಂದಿಷ್ಟು ಹೊಟ್ಟೆಕಿಚ್ಚು ಬಿದ್ದಿದೆ. ಘಾನಾದ ಈ ಉತ್ತರದ ಅಂಚಿಗೆ ಬಿಳಿ ನಿಲುವಂಗಿಯ ಪಾದ್ರಿಗಳು ಬಂದು ನೂರು ವರ್ಷ ದಾಟಿತು. ಪಕ್ಕದ ದೊಡ್ಡ ಊರಿನಲ್ಲಿ ಎರಡು ಗೋಪುರದ ಚರ್ಚು ಏಳುತ್ತದೆಂದು ಸುದ್ದಿಯಾದಾಗ, ನಮಗೂ ಎರಡೇ ಬೇಕು ಎಂದು ಬುಗನಿಯದ ಹಿರಿಯರು ಹಠ ಹಿಡಿದರು. ಕಟ್ಟಿದ್ದು ಮನೆ ಕಟ್ಟುವ ಮಣ್ಣಿನಲ್ಲೇ. ಒಂದೊಂದು ಮನೆತನ ಒಂದೊಂದು ಕಂಬದ ಹೊಣೆ ಹೊತ್ತಿತು; ತಮ್ಮ ಕಂಬ ಪಕ್ಕದವರದಕ್ಕಿಂತ ದಪ್ಪಗಿರುವಂತೆ ಎಲ್ಲರೂ ನೋಡಿಕೊಂಡರು. ಅದಕ್ಕೇ ಒಂದು ಕಂಬದಂತೆ ಇನ್ನೊಂದಿಲ್ಲ, ಎಡಸಾಲಿನ ಮೂರನೆಯ ಕಂಬದ ಹಿಂದೆ ಕೂತವರಿಗೆ ಪೀಠವೇ ಕಾಣುವುದಿಲ್ಲ. ಅಲ್ಲಿ ಕೂರಲು ಗಂಡಸರಲ್ಲಿ ಪೈಪೋಟಿ ಇದೆ. ಗೋಡೆಗಳು ಬುಡದಲ್ಲಿ ಎತ್ತು ಅಡ್ಡ ಮಲಗುವಷ್ಟು ದಪ್ಪ, ಮೇಲೇರಿದಂತೆ ತೆಳು. ಕಿಟಕಿಗಳು ಎತ್ತರದಲ್ಲಿ, ಸಣ್ಣವು. ಹೊರಗೆ ತಗಡು ಸುಡುವ ಬಿಸಿಲಿದ್ದರೂ ಒಳಗೆ ನೀರಿನ ಮಡಕೆಯ ತಂಪು. ಒಂದು ಗೋಪುರ ಮುಗಿಯುವಷ್ಟರಲ್ಲಿ ಕಟ್ಟಿಸುತ್ತಿದ್ದ ಗಡ್ಡದ ಬ್ರದರ್ ಜ್ವರ ಬಂದು ತೀರಿಕೊಂಡ. ಎರಡನೆಯದು ಏಳಲೇ ಇಲ್ಲ. ದೊಡ್ಡ ಊರಿನವರು ಇದನ್ನು ಒಂಟಿಕೋಡಿನ ಚರ್ಚು ಎನ್ನುತ್ತಾರೆ. ಬುಗನಿಯದವರಿಗೆ ಆ ಮಾತು ಇವತ್ತಿಗೂ ಕುಟುಕುತ್ತದೆ.

ಸಾಯುವ ಮೊದಲು ಬ್ರದರ್ ತನ್ನ ದೇಶದ ಪದ್ಧತಿಯಂತೆ ಪೀಠವನ್ನು ಪೂರ್ವಕ್ಕಿಟ್ಟಿದ್ದ. ನಮ್ಮಲ್ಲಿ ಬಿರುಮಳೆಯೂ ಪೂರ್ವದಿಂದಲೇ ಬರುವುದು. ಮನೆಗಳೆಲ್ಲ ಅತ್ತ ಬೆನ್ನು ಹಾಕಿ ಪಶ್ಚಿಮಕ್ಕೆ ಬಾಗಿಲು ತೆರೆಯುತ್ತವೆ. ಹೀಗಾಗಿ ಮೊದಲ ಮಳೆಯ ಏಟು ನೇರ ಪೀಠದ ಬೆನ್ನಿಗೆ. ಚರ್ಚಿಗೆ ಎಪ್ಪತ್ತೈದು ತುಂಬಿದ ಹಬ್ಬಕ್ಕೆ, ಇಲ್ಲಿನ ಮನೆಗಳಂತೆಯೇ ಚರ್ಚಿನ ಗೋಡೆಗೂ ಚಿತ್ರ ಬರಲಿ ಎಂದು ಆಗಿನ ಬಿಷಪ್ ಹೇಳಿದರು. ಇಲ್ಲಿ ಗೋಡೆ ಬರೆಯುವವರು ಹೆಂಗಸರು, ಮತ್ತು ಗೋಡೆ ಹಂಚುವುದು ವಯಸ್ಸಿನ ಪ್ರಕಾರ.

"ಅಕ್ಕ ಹಿರಿಯಳು, ಅಕ್ಕನಿಗೆ ಒಳಗು. ನಾನು ಕಿರಿಯಳು, ಹೊರಗೆ ನಿಂತೆ. ನನ್ನ ಪಾಲಿಗೆ ಬಿಸಿಲು, ಮಳೆ, ಬೆನ್ನು ತುರಿಸಿಕೊಳ್ಳೋಕೆ ಬರೋ ಮೇಕೆ."

ಈ ಇಬ್ಬರೂ ಒಂದೇ ದಿನ ದೀಕ್ಷಾಸ್ನಾನ ಪಡೆದವರು. ಒಂದೇ ಮನೆಯ ಸೊಸೆಯರೆಂಬ ಅಕ್ಕರೆಯಿಂದ ಆಗಿನ ಪಾದ್ರಿ, ಒಬ್ಬರನ್ನೊಬ್ಬರು ಬಿಡದೆ ಒಟ್ಟಿಗೆ ಪ್ರಾಣ ಕೊಟ್ಟ ಇಬ್ಬರು ಪುರಾತನ ಸಂತ ಸ್ತ್ರೀಯರ ಹೆಸರಿಟ್ಟರು. ಆ ಸಂತ ಸ್ತ್ರೀಯರಲ್ಲಿ ಪೆರ್ಪೆತುವಾ ದೊಡ್ಡ ಮನೆತನದವಳು, ಫೆಲಿಸಿತಾ ಗುಲಾಮಳು ಎಂಬುದನ್ನು ಉಪದೇಶಿ ಅಪಿಯು ಒಂದು ದಿನ ಧರ್ಮಪಾಠದ ನಡುವೆ ಹೇಳಿಬಿಟ್ಟರು. ಅಂದಿನಿಂದ ಕಚಾನ ತಮ್ಮ ಕ್ರೈಸ್ತ ಹೆಸರಿಗೆ ಓಗೊಡುವುದಿಲ್ಲ. ಗಂಡಂದಿರು ತೀರಿಕೊಂಡ ಮೇಲೂ ಇಬ್ಬರೂ ಅದೇ ಮನೆಯಲ್ಲಿದ್ದಾರೆ. ಅವರ ಅಂಗಳಗಳ ನಡುವೆ ಇರುವುದು ಮೊಳಕಾಲೆತ್ತರದ ಮಣ್ಣುಗೋಡೆ ಮಾತ್ರ.

ಸಜ್ಜೆ ಜೋಳ ಕಣಜಕ್ಕೆ ಸೇರಿದ ಮೇಲೆ ಕಚಾನ ಅವರ ಕೆಲಸ ಶುರು. ಹುತ್ತದ ಮಣ್ಣು, ಸಗಣಿ, ನೀರು. ತುಳಿಯುವುದಕ್ಕೆ ಊರಿನ ಹೆಂಗಸರ ಕಾಲು. ಮೆತ್ತಿದ ಮಣ್ಣಿಗೆ ಮೇಲೊಂದು ತೆಳು ಲೇಪ. ಆಮೇಲೆ ಬಣ್ಣ: ಕೆಂಪು ಕಲ್ಲು ಅರೆದ ಕೆಂಪು, ಇದ್ದಿಲಿನ ಕಪ್ಪು, ಹೊಳೆದಂಡೆಯ ಸುಣ್ಣದಂಥ ಮಣ್ಣಿನ ಬಿಳಿ. ಗೆರೆ ಎಳೆಯುವುದು ಗಿನಿಕೋಳಿಯ ಗರಿಯಿಂದ. ಒಡೆದ ಸೋರೆಬುರುಡೆಯ ಚೂರುಗಳಂಥ ತ್ರಿಕೋನಗಳು, ಮೀನಿನ ಬಲೆ, ಹಸುವಿನ ಬೆನ್ನು, ಬುಡದಲ್ಲಿ ಉದ್ದಕ್ಕೂ ಹೆಬ್ಬಾವು. ನುಣುಪು ಕಲ್ಲಿನಿಂದ ಗೋಡೆಯನ್ನೆಲ್ಲ ತಿಕ್ಕಿ, ಕೊನೆಗೆ ಬಣ್ಣ ಹಿಡಿದು ನಿಲ್ಲಲು ದವದವ ಮರದ ಕಾಯಿಯ ಸಿಪ್ಪೆ ಕುದಿಸಿದ ಕಂದು ರಸವನ್ನು ಮೂರು ಸಲ ಸಿಂಪಡಿಸುತ್ತಾರೆ. ಸಂಬಳವಿಲ್ಲ. ಕೆಲಸದ ದಿನಗಳಲ್ಲಿ ಚರ್ಚಿನ ಕಡೆಯಿಂದ ಸಜ್ಜೆ ಮುದ್ದೆ, ಶೇಂಗಾ ಸಾರು, ಸಂಜೆಗೆ ಒಂದು ಮಡಕೆ ಜೋಳದ ಹೆಂಡ. ಕಳೆದ ವರ್ಷದ ಹೆಂಡ ಹುಳಿಯಾಗಿತ್ತು ಎಂಬುದನ್ನು ಪತ್ರಿಕೆಯಲ್ಲಿ ಹಾಕಲೇಬೇಕು ಎಂದು ಅವರು ಹೇಳಿದ್ದಾರೆ.

"ಹೊಟ್ಟೆಕಿಚ್ಚಾ ಅಂತ ಎಲ್ರೂ ನಾಚಿಕೊಂಡು ಕೇಳ್ತಾರೆ. ಹೌದು. ಯಾಕೆ ಇರಬಾರದು? ನಾನು ಇಷ್ಟು ವರ್ಷ ಬರೆದಿದ್ದೆಲ್ಲ ಒಟ್ಟು ಮಾಡಿದ್ರೆ ಹತ್ತು ಚರ್ಚು ತುಂಬುತ್ತೆ. ಅದರಲ್ಲಿ ಒಂದು ಗೆರೆ ತೋರಿಸಿ ನೋಡೋಣ."

ಆ ಗೆರೆ ತೋರಿಸುವ ಅವಕಾಶ ಈ ವರ್ಷ ಬಂತು. ಹೊರಗಿನ ತೇವ ಗೋಡೆಯೊಳಗೆ ಇಳಿದು, ಒಳಮುಖದ ಬುಡದಲ್ಲಿ ಲೇಪ ಉಬ್ಬುತ್ತಿದೆ ಎಂದು ಕಟ್ಟಡ ನೋಡಲು ಬಂದವರು ಹೇಳಿದರು. ಪೂರ್ವದ ಗೋಡೆಗೆ ತಗಡಿನ ಇಳಿಜಾರು ಚಾವಣಿ ಹಾಕಿದರೆ ಮಳೆ ಬಡಿಯುವುದಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ ತಗಡು, ಕಂಬ ಬಂದು ಚರ್ಚಿನ ಹಿಂದೆ ಬಿದ್ದವು. ಎಲ್ಲ ಪೆರ್ಪೆತುವಾ ಅವರ ಒಳಗೋಡೆಯ ಉಳಿವಿಗಾಗಿ. ಆದರೆ ಕಚಾನ ಬೇರೆ ಲೆಕ್ಕ ಹಾಕಿದರು. ಮಳೆ ಬಡಿಯದಿದ್ದರೆ ಈ ವರ್ಷ ಬರೆದದ್ದು ಮುಂದಿನ ವರ್ಷವೂ ಇರುತ್ತದೆ. ಅದರ ಮುಂದಿನ ವರ್ಷವೂ.

"ಮೊದಲ ಸಲ ನನ್ನ ಗೋಡೆಗೆ ವಯಸ್ಸಾಗುತ್ತೆ," ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಕೆಂಪು ಕಲ್ಲು ಹುಡುಕಲು ಹಿಂದೆಂದೂ ಹೋಗದಷ್ಟು ದೂರ ಹೋದರು.

ಬೇಡ ಎಂದವರು ಒಬ್ಬರೇ, ಪೆರ್ಪೆತುವಾ. ಕಿರಿಯಳಿಗೂ ಹೆಸರು ಬರುತ್ತದೆ ಎಂದು ಹಿರಿಯಳಿಗೆ ಸಂಕಟ ಎಂದು ಹೆಂಡದಂಗಡಿಗಳಲ್ಲಿ ತೀರ್ಪಾಯಿತು. ಭಾನುವಾರ ಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಸಭೆ ಸೇರಿತು.

ಫಾದರ್ ದೇರಿ ಪಶ್ಚಿಮದ ದಗಾಬಾ ಜನದವರು. ಅವರ ಜನಕ್ಕೂ ನಮ್ಮ ಜನಕ್ಕೂ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಎದುರಾದಾಗ ಬೈದುಕೊಳ್ಳದಿದ್ದರೆ ಮರ್ಯಾದೆ ಕೊಡಲಿಲ್ಲ ಎಂದರ್ಥ. ಅವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕಚಾನ ಶುರು ಮಾಡಿದರು. "ನಾಯಿತಲೆ ನೆಕ್ಕೋ ಜನ ಗೋಡೆ ನ್ಯಾಯ ಹೇಳೋಕೆ ಬಂದ್ರು, ನೋಡ್ರಪ್ಪ."

"ತಲೆ ನಾವು ತಿಂದ ಮೇಲೆ ಬಾಲಕ್ಕೆ ಕಾದು ಕೂರೋರು ನೀವೇ ಅಲ್ವಾ, ಅವ್ವ," ಎಂದರು ಫಾದರ್. ಸಭೆ ಸರಿಯಾಗಿ ಆರಂಭವಾಯಿತೆಂದು ಎಲ್ಲರಿಗೂ ಸಮಾಧಾನ.

ಉಪದೇಶಿ ಅಪಿಯು ಮಾತು ತೆಗೆದರು. "ಅಕ್ಕ, ನಿಮ್ಮ ಗೋಡೆ ಉಳೀಲಿ ಅಂತಾನೇ ತಗಡು ತರಿಸಿದ್ದು. ನೀವೇ ಬೇಡ ಅಂದ್ರೆ ಹೇಗೆ?"

"ನನ್ನ ಗೋಡೆ ಉಳಿದದ್ದು ಸಾಕು," ಎಂದರು ಪೆರ್ಪೆತುವಾ.

"ಕೇಳಿ. ನಂದು ಉಳಿಯುತ್ತೆ ಅಂದ ಕೂಡಲೇ ಅಕ್ಕನಿಗೆ ಸಾಕಾಯ್ತು," ಎಂದರು ಕಚಾನ.

ಪೆರ್ಪೆತುವಾ ಓರಗಿತ್ತಿಯ ಕಡೆ ನೋಡಲಿಲ್ಲ. "ಅಪಿಯು, ಪೀಠದ ಬಲಕ್ಕೆ ನಾನು ಮಣ್ಣಲ್ಲಿ ಎತ್ತಿ ಮಾಡಿರೋ ಹಾವು ಇದೆಯಲ್ಲ. ಅದು ಯಾವ ಕಡೆ ಹೋಗ್ತಿದೆ?"

ಅಪಿಯು ಈ ಪ್ರಶ್ನೆಗೆ ವರ್ಷಗಟ್ಟಲೆ ಪ್ರವಾಸಿಗಳ ಮುಂದೆ ಉತ್ತರ ಹೇಳಿದವರು. "ಬಾಗಿಲ ಕಡೆ. ಅದು ಸೈತಾನ. ಪೀಠ ಕಂಡು ಹೆದರಿ ಓಡ್ತಿದೆ. ಹಬ್ಬದ ದಿನ ಬಿಷಪ್ಪೇ ಅದರ ಮೇಲೆ ಪ್ರಬೋಧನೆ ಮಾಡಿದ್ರು."

"ಅದು ಸೈತಾನ ಅಲ್ಲ. ನಮ್ಮತ್ತೆ ಮನೆಗೋಡೆ ಮೇಲೆ ಬರೀತಿದ್ದ ಹೆಬ್ಬಾವು. ಮನೆ ಕಾಯೋ ಅಜ್ಜಿ. ಅದು ಒಳಗೆ ಬರಬೇಕು, ಹೋಗಬಾರದು." ಪೆರ್ಪೆತುವಾ ಒಂದು ಕೈ ಎತ್ತಿ ಗಾಳಿಯಲ್ಲಿ ಎಡದಿಂದ ಬಲಕ್ಕೆ ಗೆರೆ ಎಳೆದು ತೋರಿಸಿದರು. "ಹುಟ್ಟಿದಾಗಿಂದ ಬರೆದದ್ದು ಮನೆಗಳ ಹೊರಗೋಡೆ. ನಮ್ಮ ಮನೇಲಿ ಹೀಗೆ ಎಳೆದರೆ ಹಾವು ಬಾಗಿಲಿಗೆ ಬಂದು ಒಳಗೆ ಸೇರುತ್ತೆ. ಚರ್ಚಿನ ಒಳಗೆ ನಿಂತೂ ಕೈ ಹಾಗೇ ಎಳೀತು. ಏಣಿ ಇಳಿದು ನೋಡ್ತೀನಿ, ಅಜ್ಜಿ ಮನೆ ಬಿಟ್ಟು ಹೊರಟಿದ್ದಾಳೆ. ಮಣ್ಣು ಆರಿತ್ತು. ಬಿಷಪ್ ಬಂದಾಗಿತ್ತು. ಅವರು ಅರ್ಥ ಹೇಳಿದ್ರು, ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನು ಬಾಯಿ ಮುಚ್ಕೊಂಡೆ."

ಅಪಿಯು ಟೋಪಿ ತೆಗೆದು ಅದರ ಒಳಗೆ ನೋಡಿದರು.

"ಆಮೇಲೆ ನನಗೆ ಯಾರೂ ಗೋಡೆ ಕೊಡಲಿಲ್ಲ," ಎಂದು ಪೆರ್ಪೆತುವಾ ಮುಂದುವರಿಸಿದರು. "ನಿಮ್ಮ ಕೈ ಈಗ ಚರ್ಚಿನದು ಅಕ್ಕ, ಸಾಮಾನ್ಯ ಗೋಡೆ ನಿಮಗೆ ಯಾಕೆ ಅಂದ್ರು. ನನ್ನ ಕೋಣೆ ಗೋಡೆಗೂ ಸೊಸೆಯಂದಿರು ಬಿಡಲಿಲ್ಲ. ಇವಳು ಬರೆದಳು, ಮಳೆ ಬಂತು, ಮತ್ತೆ ಬರೆದಳು. ನಾನು ಒಳಗೆ ಆ ತಪ್ಪಿನ ಮುಂದೆ ಮಂಡಿಯೂರಿ ಇವಳ ಥಪ್ ಥಪ್ ಕೇಳಿದೆ. ನನ್ನ ಹೊಟ್ಟೆ ಎಷ್ಟು ಉರೀತಿತ್ತು ಅಂತ ದೇವರಿಗೆ ಗೊತ್ತು, ಎದುರಿಗೇ ಇದ್ದನಲ್ಲ."

ಇಂಥ ಮಾತಿಗೆ ಎದುರು ಕೂತವರ ಕಣ್ಣು ತುಂಬಬೇಕು ಎಂಬುದು ಕಥೆ ಹೇಳುವವರ ನಿರೀಕ್ಷೆ. ಕಚಾನ ಅವರ ಕಣ್ಣು ತುಂಬಲಿಲ್ಲ. ಅವರ ಹುಬ್ಬು ಇನ್ನಷ್ಟು ಗಂಟಿಕ್ಕಿತು.

"ನಾನು ಪ್ರತಿ ವರ್ಷ ಹಾವನ್ನ ಸರಿಯಾದ ಕಡೆಗೇ ಬರೆದೆ," ಎಂದರು. "ಒಬ್ಬನೂ ನಿಂತು ನೋಡಲಿಲ್ಲ. ಇವಳು ತಪ್ಪು ಬರೆದಳು, ಬಿಷಪ್ ಪ್ರಬೋಧನೆ ಮಾಡಿದ್ರು."

ಹೆಂಗಸರ ಸಾಲಿನಲ್ಲಿ ಯಾರೋ ನಗು ತಡೆಯಲಾಗದೆ ಬಾಯಿಗೆ ಬಟ್ಟೆ ಒತ್ತಿಕೊಂಡರು. ಫಾದರ್ ದೇರಿ ಪೆರ್ಪೆತುವಾ ಅವರತ್ತ ತಿರುಗಿ, ಹಾಗಾದರೆ ನಿಮಗೇನು ಬೇಕು ಎಂದು ಕೇಳಿದರು.

"ತಗಡು ಹಾಕೋದಾದ್ರೆ ಹಾಕಿ. ಅದಕ್ಕೆ ಮೊದಲು ಆ ಹೊರಗೋಡೆ ಮೇಲೆ ನನಗೊಂದು ತುಂಡು ಜಾಗ ಕೊಡಿ. ಒಂದು ಹಾವು ಬರೀಬೇಕು. ಸರಿಯಾದ ಕಡೆಗೆ."

ಊರ ಮುಂದೆ ಹಿರಿಯ ಓರಗಿತ್ತಿ ಕೇಳಿದ್ದನ್ನು ಕಿರಿಯಳು ಇಲ್ಲ ಎನ್ನುವ ಹಾಗಿಲ್ಲ. ಎಲ್ಲರೂ ಕಚಾನ ಅವರತ್ತ ನೋಡಿದರು.

"ಎಷ್ಟು ದೊಡ್ಡ ಹಾವು?" ಎಂದರು ಕಚಾನ.

"ಹಾವು ಅಂದ ಮೇಲೆ ಸ್ವಲ್ಪ ಉದ್ದ ಇರುತ್ತೆ ಕಣೆ."

ಕಚಾನ ದಕ್ಷಿಣದ ಮೂಲೆಯಲ್ಲಿ, ಮೇಕೆಗಳು ಹೆಚ್ಚು ಬರುವ ಕಡೆ, ಎರಡು ಬಾಗಿಲಿನಷ್ಟು ಅಗಲ ಬಿಟ್ಟುಕೊಟ್ಟರು. ತಮ್ಮ ಪಾಲಿನ ಗೋಡೆಯನ್ನು ಹಿಂದೆಂದೂ ಇಲ್ಲದ ಹುರುಪಿನಿಂದ ಬರೆದರು. ತ್ರಿಕೋನಗಳ ಅಂಚು ಕತ್ತಿಯಲ್ಲಿ ಕೊಯ್ದಂತಿತ್ತು, ದೂರದಿಂದ ತಂದ ಕೆಂಪು ಬೆಳಗಿನ ಬಿಸಿಲಿಗೆ ಉರಿಯುತ್ತಿತ್ತು. ಅದು ಅವರ ಕೈಯಿಂದ ಬಂದ ಅತ್ಯುತ್ತಮ ಗೋಡೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಮೂರೋ ನಾಲ್ಕೋ ಮಂದಿ. ಉಳಿದ ಊರೆಲ್ಲ ಆ ವಾರ ದಕ್ಷಿಣದ ಮೂಲೆಯಲ್ಲಿತ್ತು. ಪೆರ್ಪೆತುವಾ ನಲವತ್ತು ವರ್ಷದ ಮೇಲೆ ಗರಿ ಹಿಡಿಯುತ್ತಾರೆ ಎಂಬ ಸುದ್ದಿಗೆ ಶಾಲೆಯ ಹುಡುಗಿಯರು ಫೋನು ಹಿಡಿದು ಬಂದರು, ಜಿಲ್ಲೆಯ ರೇಡಿಯೊದವರು ಬಂದರು, ದೊಡ್ಡ ಊರಿನ ಸಿಸ್ಟರುಗಳು ವ್ಯಾನು ಮಾಡಿಕೊಂಡು ಬಂದರು. ಬಂದವರ ಕಾರುಗಳು ಕಚಾನ ಅವರ ತ್ರಿಕೋನಗಳ ನೆರಳಿನಲ್ಲಿ ನಿಂತವು.

ಪೆರ್ಪೆತುವಾ ಅವರ ಕೈ ನಡುಗುತ್ತದೆ. ಗೆರೆ ಅಲ್ಲಲ್ಲಿ ಸೊಟ್ಟಗಾಯಿತು, ಕಪ್ಪು ಅಂಚು ದಾಟಿ ಬಿಳಿಗೆ ಹೋಯಿತು. ಆದರೆ ಹಾವು ಬಲಕ್ಕೆ, ಒಳಗೆ ಪೀಠ ಇರುವ ಕಡೆಗೆ ಹೊರಟಿತ್ತು. ನೋಡಿದವರಿಗೆ ಅದು ನಿಜವಾಗಿ ಹರಿದಂತೆ ಕಂಡಿತು.

"ಕೈ ನಡುಗಿದ್ದು, ಅಷ್ಟೇ," ಎನ್ನುತ್ತಾರೆ ಕಚಾನ. "ಹಾವಿಗೆ ಅದೇ ಒಪ್ಪಿಬಿಡ್ತು. ಅವಳ ನಡುಕಕ್ಕೂ ಅದೃಷ್ಟ ಇದೆ ನೋಡಿ."

ದವದವ ರಸವನ್ನು ಮಾತ್ರ ಅವರು ಇಡೀ ಗೋಡೆಗೆ ಸಮನಾಗಿ ಸಿಂಪಡಿಸಿದರು, ದಕ್ಷಿಣದ ಮೂಲೆಗೂ ಮೂರು ಸಲ. ಒಂದು ಸಲ ಕಡಿಮೆ ಮಾಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಜೊತೆಗಿದ್ದ ಹೆಂಗಸು ಹೇಳಿದ್ದಕ್ಕೆ, "ನನ್ನ ಗೋಡೆ ಮೇಲೆ ಕಳಪೆ ಕೆಲಸ ಅಂತ ಯಾರೂ ಅನ್ನಬಾರದು," ಎಂದು ಬೈದರು. ಅದು ಮುಗಿದ ಸಂಜೆ ಕೈಕಾಲು ತೊಳೆದು ನೇರ ಫಾದರ್ ದೇರಿಯವರ ಬಾಗಿಲಿಗೆ ಹೋದರು.

"ಫಾದರ್, ತಗಡು ಬೇಡ."

ಫಾದರ್ ಊಟ ಮಾಡುತ್ತಿದ್ದರು. "ಅವ್ವ, ತಗಡು ಹಾಕ್ಲಿ ಅಂತ ಕುಣಿದೋರು ನೀವೇ."

"ಆಗ ಗೋಡೆ ನಂದಾಗಿತ್ತು. ಈಗ ಹಾಕಿದ್ರೆ ಅವಳ ಹಾವೂ ಉಳಿಯುತ್ತೆ. ಒಳಗೂ ಅವಳು, ಹೊರಗೂ ಅವಳು. ನಾನೆಲ್ಲಿಗೆ ಹೋಗಲಿ?"

"ನೀವು ಬರೆದಿದ್ದೂ ಉಳಿಯುತ್ತಲ್ಲ. ಈ ಸಲ ಬರೆದ ಹಾಗೆ ನೀವು ಯಾವತ್ತೂ ಬರೆದಿಲ್ಲ. ನಾಯಿತಲೆ ತಿನ್ನೋನಿಗೂ ಅಷ್ಟು ಕಣ್ಣಿದೆ."

ಕಚಾನ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರಂತೆ. ಆ ಗೋಡೆಯನ್ನು ಮತ್ತೆ ಅಷ್ಟು ಚೆನ್ನಾಗಿ ಬರೆಯುವ ವಯಸ್ಸು ತಮ್ಮದಲ್ಲ ಎಂಬುದು ಅವರಿಗೆ ಗೊತ್ತು. "ಹೋಗ್ಲಿ ಬಿಡಿ," ಎಂದರು ಕೊನೆಗೆ. "ಹೋಗೋದು ನನ್ನ ಗೋಡೆಗೆ ಹೊಸದಲ್ಲ."

ಉಬ್ಬಿದ ಲೇಪ ಒಂದು ಮಳೆಗಾಲಕ್ಕೆ ಬೀಳುವುದಿಲ್ಲ ಎಂದು ಕಟ್ಟಡದವರಿಂದ ಕೇಳಿಕೊಂಡು, ಫಾದರ್ ಈ ವರ್ಷಕ್ಕೆ ತಗಡನ್ನು ಮುಂದೂಡಿದ್ದಾರೆ.

ಈಗ ಮಾರ್ಚ್ ತಿಂಗಳು. ಕಚಾನ ತಮ್ಮ ಅಂಗಳದಲ್ಲಿ ಕೂತು ಉಗುರಿನ ಸಂದಿಯ ಕೆಂಪು ಬಣ್ಣವನ್ನು ಕಡ್ಡಿಯಿಂದ ಕೆರೆಯುತ್ತಿದ್ದಾರೆ. ಸಣ್ಣ ಗೋಡೆಯ ಆಚೆ ಪೆರ್ಪೆತುವಾ ಶೇಂಗಾ ಸುಲಿಯುತ್ತಿದ್ದಾರೆ. ಇಂಥವರ ಮಾತಿನ ಕೊನೆಗೆ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುವುದು ವಾಡಿಕೆ. ಕೇಳಿದ್ದಾಯಿತು. ಅವರು ಪೂರ್ವದ ಕಡೆ ನೋಡುತ್ತಾರೆ. ಆಕಾಶದಲ್ಲಿ ಧೂಳು ಬಿಟ್ಟರೆ ಏನೂ ಇಲ್ಲ.

"ದೊಡ್ಡ ಆಸೆ ಏನಿಲ್ಲ," ಎನ್ನುತ್ತಾರೆ, ಆಚೆಗೆ ಕೇಳಿಸುವಷ್ಟು ಜೋರಾಗಿ. "ಈ ವರ್ಷ ಮಳೆ ಸ್ವಲ್ಪ ಬೇಗ ಬಂದ್ರೆ ಸಾಕು. ದಕ್ಷಿಣದ ಮೂಲೆಗೆ ಚೆನ್ನಾಗಿ ಬಡೀಲಿ."

ಶೇಂಗಾ ಸುಲಿಯುವ ಸದ್ದು ನಿಲ್ಲುತ್ತದೆ.

"ಬರಲಿ ಬಿಡೆ," ಎಂದು ಗೋಡೆಯಾಚೆಯಿಂದ ಪೆರ್ಪೆತುವಾ ಹೇಳುತ್ತಾರೆ. ದನಿಯಲ್ಲಿ ಹುಡುಗಿಯ ಹುರುಪಿದೆ. "ಮುಂದಿನ ವರ್ಷ ಮತ್ತೆ ಬರೀತೀನಿ."

ಕಚಾನ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗೆ ಹಾಕುತ್ತಾರೆ.

"ಕೇಳಿಸ್ತಾ? ಬರ್ಕೊಳ್ಳಿ," ಎನ್ನುತ್ತಾರೆ. "ಮಳೆನೂ ಅವಳೇ ತಗೊಂಡಳು."